ಎರಡಡಿ ದೂರದ ಹೊಡೆತ

ಪುಣೆ
8 ಜುಲೈ 2024

ಶ್ರೀ ಖಾದರಭಾಯಿ ಅವರಿಗೆ,

ಯಾವಗಲ್ಲಿನ ಉಡಚಪ್ಪನ ಮಗ ಮುತ್ತಣ್ಣನ ನಮಸ್ಕಾರಗಳು. ನಾನು ಕ್ಷೇಮ. ತಾವೂ ಮನೆಯವರೂ ಕ್ಷೇಮವೆಂದು ನಂಬಿದ್ದೇನೆ. ಇಪ್ಪತ್ತಾರು ವರ್ಷದ ಮೇಲೆ ನನ್ನ ಅಕ್ಷರ ಕಂಡು ತಮಗೆ ಆಶ್ಚರ್ಯವಾಗಬಹುದು.

ನಮ್ಮ ಗಾಲ್ಫ್ ಮೈದಾನದಲ್ಲಿ ಎಲೆಕ್ಟ್ರಿಷಿಯನ್ ಆಗಿರುವ ರೋಣದ ಸಂಗನಬಸವ ಕಳೆದ ತಿಂಗಳು ರಜೆಗೆ ಊರಿಗೆ ಹೋಗಿ ಬಂದರು. ತಾವು ಕಿವಿಯ ತೊಂದರೆಯಿಂದ ಬಸ್ಸಿನ ಕೆಲಸ ಬೇಗನೆ ಬಿಟ್ಟು, ರೋಣದ ಬಸ್ ಸ್ಟ್ಯಾಂಡಿನ ಹಿಂದೆ ಮನೆ ಮಾಡಿಕೊಂಡಿರುವ ಸುದ್ದಿ ಅವರಿಂದ ತಿಳಿಯಿತು. ಫೋನ್ ನಂಬರು ಕೇಳಿದೆ. "ಫೋನ್ ಹಚ್ಚಿದ್ರ ಉಪಯೋಗಿಲ್ರಿ. ಬಾಜೂಕ ಕುಂತು ಒದರಿದ್ರೂ ಅವರಿಗೆ ಅರ್ಧಾನ ಕೇಳತೈತಿ. ಮೊಬೈಲಿನ ಅಕ್ಷರ ಕಣ್ಣಿಗೆ ಹತ್ತಂಗಿಲ್ಲ. ಪತ್ರ ಬರೀರಿ, ದಪ್ಪ ಅಕ್ಷರದಾಗ" ಎಂದರು. ಅದಕ್ಕೇ ಈ ದಪ್ಪ ಅಕ್ಷರ.

ನಾನು ಇನ್ನೂ ಕ್ಯಾಡಿಯಾಗಿಯೇ ಇದ್ದೇನೆ. ಆಟಗಾರರ ಕೋಲುಗಳ ಚೀಲ ಹೊತ್ತು ಅವರ ಸಂಗಡ ನಡೆಯುವುದು, ಗಾಳಿ ಯಾವ ಕಡೆ, ಕುಳಿ ಎಷ್ಟು ದೂರ, ಯಾವ ಕೋಲು ಹಿಡಿಯಬೇಕು ಎಂದು ಹೇಳುವುದು ನನ್ನ ಕೆಲಸ. ಸೋಮವಾರ ಮೈದಾನಕ್ಕೆ ರಜೆ. ಅವತ್ತು ಕ್ಯಾಡಿಗಳು ಆಡಬಹುದು. ಹಾಗೆ ಸೋಮವಾರ ಸೋಮವಾರ ಆಡಿಯೇ ಮೂವತ್ತೈದು ವರ್ಷ ಕಳೆದವು. ಬರುವ ನವೆಂಬರ್ 16 ಮತ್ತು 17ಕ್ಕೆ ಇಲ್ಲಿ ಐವತ್ತು ದಾಟಿದವರಿಗಾಗಿ ಒಂದು ಅರ್ಹತಾ ಪಂದ್ಯವಿದೆ. ಆಯ್ಕೆಯಾದವರು ಒಂದು ವರ್ಷ ದೇಶದ ಬೇರೆ ಬೇರೆ ಮೈದಾನಗಳಲ್ಲಿ ವೃತ್ತಿಪರರಾಗಿ ಆಡಬಹುದು. ಇನ್ನೊಬ್ಬರ ಚೀಲ ಹೊರಬೇಕಿಲ್ಲ. ನಾನೂ ಹೆಸರು ಕೊಟ್ಟಿದ್ದೇನೆ. ಇದು ನನ್ನ ಎರಡನೆಯ ಪ್ರಯತ್ನ. ಮೊದಲನೆಯದು ತಮಗೆ ಗೊತ್ತು.

ತೊಂದರೆ ಒಂದೇ. ಇನ್ನೂರು ಗಜದ ಹೊಡೆತಕ್ಕೆ ನನ್ನ ಕೈ ನೆಟ್ಟಗಿರುತ್ತದೆ. ಚೆಂಡು ಕುಳಿಯಿಂದ ಎರಡಡಿ ದೂರಕ್ಕೆ ಬಂದಾಗ, ಮಗು ಕೂಡ ತಳ್ಳಬಹುದಾದ ಹೊಡೆತಕ್ಕೆ, ಕೈ ನಡುಗುತ್ತದೆ. "ಉಸಿರು ಬಿಡ್ರಿ ಸಾಹೇಬ್ರ, ಹೆಗಲು ಇಳಿಸ್ರಿ" ಎಂದು ಬೇರೆಯವರಿಗೆ ದಿನಾ ಹೇಳಿಕೊಡುವವನು ನಾನು. ನನ್ನ ಮಾತನ್ನು ನನ್ನ ಕೈಯೇ ಕೇಳುವುದಿಲ್ಲ.

ತಾವು ಅಷ್ಟು ವರ್ಷ ಐವತ್ತು ಅರವತ್ತು ಜೀವಗಳನ್ನು ಬೆನ್ನಿಗೆ ಕೂರಿಸಿಕೊಂಡು ಬಸ್ಸು ಓಡಿಸಿದವರು. ತಮ್ಮ ಕೈ ನಡುಗಿದ್ದುಂಟೇ? ಆಗ ಏನು ಮಾಡುತ್ತಿದ್ದಿರಿ? ಬಿಡುವಾದಾಗ ಎರಡು ಸಾಲು ಬರೆಯಬೇಕು.

ತಮ್ಮವ,
ಮುತ್ತಣ್ಣ


ರೋಣ
17 ಜುಲೈ 2024

ಲೇ ಮುತ್ತಾ,

'ತಾವು' ಅಂತ ಯಾರಿಗೆ ಬರೆದೆ? ನನ್ನ ಬೆನ್ನ ಹಿಂದೆ ಬೇರೆ ಯಾರೋ ಖಾದರ ಸಾಹೇಬರು ನಿಂತಿದ್ದಾರೇನೋ ಎಂದು ಹೊರಳಿ ನೋಡಿದೆ. ಇನ್ನೊಂದು ಸಲ 'ಶ್ರೀ' ಹಚ್ಚಿದರೆ ಪತ್ರ ಒಡೆಯದೆ ವಾಪಸು ಕಳಿಸುತ್ತೇನೆ.

ನಿನ್ನ ಪತ್ರ ಬಂದ ದಿನ ಮಳೆ ಜಿಟಿಜಿಟಿ ಹಿಡಿದಿತ್ತು. ಹೊಲದಲ್ಲಿ ಹೆಸರು ಹೂಬಿಟ್ಟಿದೆ. ನಾನು ಕಟ್ಟೆಯ ಮೇಲೆ ಕೂತು ಮೂರು ಸಲ ಓದಿದೆ. ಆಮೇಲೆ ಓದುವುದನ್ನು ಬಿಟ್ಟು ಯಾವಗಲ್ಲಿನ ಸಾಲಿಯ ಹಿತ್ತಲಲ್ಲೇ ಕೂತುಬಿಟ್ಟೆ. ನೀನು ಒಂಟಿಗಾಲಲ್ಲಿ ಕೂತು, ನಾಲಿಗೆ ಹೊರಗೆ ಹಾಕಿ, ಗೋಲಿ ಹೊಡೆಯುತ್ತಿದ್ದ ಭಂಗಿ ನೆನಪಿದೆಯಾ? ಎರೆ ಮಣ್ಣು ಬಿರಿದ ಸೀಳಿನಲ್ಲಿ ನನ್ನ ಗೋಲಿ ಸಿಕ್ಕಿಬಿದ್ದರೂ ನಿನ್ನ ಗೋಲಿ ಅದನ್ನು ಹುಡುಕಿಕೊಂಡು ಹೋಗುತ್ತಿತ್ತು. ಸೋತು ಅಳುತ್ತಾ ಮನೆಗೆ ಹೋದರೆ ನಮ್ಮವ್ವ, "ಆ ಮುತ್ತನ ಸಂಗಾಟ ಆಡಬ್ಯಾಡ ಅಂತ ಎಷ್ಟ ಸಲ ಹೇಳ್ಲಿ?" ಎಂದು ಇನ್ನೆರಡು ಕೊಡುತ್ತಿದ್ದಳು. ಅಂಥ ಕೈ ಈಗ ನಡುಗುತ್ತದೆ ಅಂತೀಯಾ. ನಂಬಲು ಆಗುವುದಿಲ್ಲ.

ನನ್ನ ಕೈ ನಡುಗಿಲ್ಲವೇ? ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೆಣಸಗಿ ದಾರಿಯಲ್ಲಿ ಮಳೆಗೆ ಬಸ್ಸು ಜಾರಿತು. ಎರೆ ಮಣ್ಣು ಬೆಣ್ಣೆಯಾಗಿತ್ತು. ಯಾರಿಗೂ ಏನೂ ಆಗಲಿಲ್ಲ, ಆದರೆ ಮರುದಿನ ಸ್ಟೇರಿಂಗ್ ಹಿಡಿದರೆ ಬೆರಳು ಬಿಡಿಸಲು ಬರಲಿಲ್ಲ. ಹಳೆಯ ಡ್ರೈವರೊಬ್ಬರು ಬಾಜೂ ಬಂದು ಕೂತು ಹೇಳಿದರು: "ತಮ್ಮಾ, ಬಿಗಿ ಹಿಡದ್ರ ಗಾಡಿ ನಿನ್ನ ಮಾತ ಕೇಳಂಗಿಲ್ಲ. ಸಡ್ಲ ಬಿಡು. ಮತ್ತ ಗುಂಡಿ ನೋಡಬ್ಯಾಡ, ದಾರಿ ನೋಡು. ಗುಂಡಿ ನೋಡಿದ್ರ ಗಾಲಿ ಗುಂಡ್ಯಾಗ ಹೊಕ್ಕೈತಿ."

ನಿನ್ನ ಆಟದಲ್ಲಿ ಗುಂಡಿಗೇ ಹೋಗಬೇಕಲ್ಲ, ಹಾಗಾಗಿ ಈ ಬುದ್ಧಿಯನ್ನು ತಿರುವಿ ಹಾಕಿಕೋ. ನಾನಂತೂ ಆಮೇಲೆ ಗುನುಗುವುದನ್ನು ರೂಢಿ ಮಾಡಿಕೊಂಡೆ. ಬಾಯಿ ಹಾಡುತ್ತಿದ್ದರೆ ಕೈ ತನ್ನ ಪಾಡಿಗೆ ಕೆಲಸ ಮಾಡುತ್ತದೆ. ಈಗ ಗುನುಗಿದರೆ ನನಗೇ ಕೇಳುವುದಿಲ್ಲ. ಆಸಿಫಾ, ನನ್ನ ಮಗಳು, ಗಜೇಂದ್ರಗಡಕ್ಕೆ ಕೊಟ್ಟಿದ್ದೇವೆ, ಬಂದಾಗಲೆಲ್ಲ "ಅಬ್ಬಾ, ಮೂರು ಮನಿಗೆ ಕೇಳಾಕತ್ತೈತಿ" ಎನ್ನುತ್ತಾಳೆ.

ಮತ್ತೊಂದು ಮಾತು ಬರೆಯಬೇಕೆಂದಿದ್ದೆ. ಇರಲಿ, ಇನ್ನೊಮ್ಮೆ.

ನಿನ್ನ
ಖಾದರ


ಪುಣೆ
4 ಆಗಸ್ಟ್ 2024

ಪ್ರೀತಿಯ ಖಾದರ,

ನಿನ್ನ ಬೈಗುಳ ಓದಿ ಎದೆ ಹಗುರಾಯಿತು.

ಗುನುಗಿ ನೋಡಿದೆ. ಜೊತೆಗಿದ್ದ ಕ್ಯಾಡಿಗಳು "ಹಲ್ಲು ನೋವೇ?" ಎಂದು ಕೇಳಿದರು. ಆದರೆ ಉಪಯೋಗವಾಯಿತು, ಖರೇ. ಕೋಲನ್ನು ಸಡಿಲ ಹಿಡಿಯುವುದನ್ನೂ ಮತ್ತೆ ಕಲಿತೆ. ಅವ್ವ ಕೂರಿಗೆಯ ಹಿಂದೆ ಬೀಜ ಬಿಡುತ್ತಿದ್ದುದನ್ನು ನೆನೆದುಕೊಳ್ಳುತ್ತೇನೆ. ಮುಷ್ಟಿ ಬಿಗಿದರೆ ಜೋಳ ಉದುರುವುದಿಲ್ಲ, ಪೂರಾ ಸಡಿಲಿಸಿದರೆ ಒಂದೇ ಕಡೆ ಸುರಿಯುತ್ತದೆ. ಅವ್ವನ ಕೈ ನಡೆಯುವ ಎತ್ತಿನ ಹೆಜ್ಜೆಗೆ ಸರಿಯಾಗಿ ಬಿಚ್ಚಿಕೊಳ್ಳುತ್ತಿತ್ತು. ಆಕೆಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಹೀಗೆ ಎರಡು ಸೋಮವಾರ ಹದಿನೇಳು ಕುಳಿಗಳವರೆಗೆ ಚಲೋ ಆಡಿದೆ. ಹದಿನೆಂಟನೆಯದಕ್ಕೆ ಬಂದಾಗ ಮತ್ತೆ ಅದೇ. 1998ರಲ್ಲಿ ನಾನು ಎರಡಡಿಯ ಹೊಡೆತ ತಪ್ಪಿಸಿ, ಒಂದೇ ಒಂದು ಹೊಡೆತದಿಂದ ಹೊರಬಿದ್ದದ್ದು ಅದೇ ಕುಳಿಯಲ್ಲಿ. ಅವತ್ತು ಮಧ್ಯಾಹ್ನ ಮೂರಕ್ಕೇ ನಿನ್ನ ಫೋನ್ ಬಂತು, ಅಪ್ಪ ಹೋದನೆಂದು. ನಾನು ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಒಂದು ದಿನವಾಗಿತ್ತು.

ಅದರಲ್ಲಿ ನಿನ್ನದೇನೂ ತಪ್ಪಿಲ್ಲ. ಲೈನು ಸತ್ತಿತ್ತು ಎಂದು ನೀನೇ ಹೇಳಿದೆಯಲ್ಲ. ಆಮೇಲೆ ನಾನು ಊರ ಕಡೆ ಬರದೆ ಉಳಿದದ್ದಕ್ಕೆ ನೀನು ಏನೋ ಅಂದುಕೊಂಡಿರಬಹುದು. ನಿನ್ನ ಮೇಲೆ ನನಗೆ ಯಾವ ಬೇಸರವೂ ಇರಲಿಲ್ಲ ಎಂದು ತಿಳಿಸಲು ಇಷ್ಟು ಬರೆದೆ.

ಮುತ್ತ


ರೋಣ
12 ಆಗಸ್ಟ್ 2024

ಮುತ್ತಾ,

ಅವತ್ತು ಲೈನು ಸತ್ತಿರಲಿಲ್ಲ.

ಹಿಂದಿನ ಪತ್ರದಲ್ಲಿ ಬರೆಯದೆ ಬಿಟ್ಟ ಮಾತು ಇದೇ. ನೀನು "ನಿನ್ನದೇನೂ ತಪ್ಪಿಲ್ಲ" ಎಂದು ಬರೆದದ್ದನ್ನು ಓದಿದ ಮೇಲೆ ಇನ್ನು ತಡೆಯುವುದು ಆಗದು.

ನಿನ್ನ ಆಟದ ಹಿಂದಿನ ದಿನ, ಶುಕ್ರವಾರ, ನಾನು ಯಾವಗಲ್ಲಿನ ಗಾಡಿಯಲ್ಲಿದ್ದೆ. ನಿಮ್ಮಪ್ಪ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಿದ್ದ. ಅದೇ ಬಸ್ಸಿನಲ್ಲಿ ಮಲಗಿಸಿಕೊಂಡು ರೋಣದ ದವಾಖಾನಿಗೆ ತಂದೆ. ಶನಿವಾರ ಮುಂಜಾನೆ ಡಾಕ್ಟರು, ಮಕ್ಕಳನ್ನು ಕರೆಸಿರಿ ಎಂದರು. ನರಗುಂದದಿಂದ ನಿನ್ನ ತಂಗಿ ಸಿದ್ದವ್ವನನ್ನು ಕರೆಸಿದೆ. ನಿನ್ನ ಕ್ಲಬ್ಬಿನ ನಂಬರು ಬರೆದ ಚೀಟಿ ಹಿಡಿದು ಎದ್ದಾಗ ನಿಮ್ಮಪ್ಪ ನನ್ನ ಅಂಗಿಯ ತೋಳು ಹಿಡಿದ.

"ಎಲ್ಲಿ ಹೊಂಟಿ?"

"ಮುತ್ತಗ ಫೋನ್ ಮಾಡಾಕ, ಕಾಕಾ."

"ಅವನ ಆಟ ಎಂದೈತಿ?"

"ಇವತ್ತ, ನಾಳೆ."

"ಹಂಗಾರ ನಾಡಿದ್ದ ಮಾಡು. ನಾ ಎಲ್ಲಿಗೂ ಹೋಗಂಗಿಲ್ಲ."

ನಾನು ಆದರೂ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಹೋದೆ. ರಿಸೀವರ್ ಎತ್ತಿದೆ. ಗುಂಯ್ ಎಂದು ಚೆನ್ನಾಗಿಯೇ ಸದ್ದು ಬರುತ್ತಿತ್ತು. ಇಟ್ಟು, ಚಹಾ ಕುಡಿದು ವಾಪಸು ಬಂದೆ. ಭಾನುವಾರ ಬೆಳಗಿನ ಜಾವಕ್ಕೆ ಅವನು ಹೋಗಿಬಿಟ್ಟ. ನಿನ್ನ ಆಟ ಮುಗಿಯುವ ಹೊತ್ತು ನೋಡಿ ಮೂರಕ್ಕೆ ಫೋನ್ ಮಾಡಿದೆ. ಅವನು ಮಾತು ತಪ್ಪಿದನೆಂದು ನಾನು ಹೇಗೆ ಹೇಳಲಿ? ಲೈನು ಸತ್ತಿತ್ತು ಎಂದೆ.

ಶನಿವಾರವೇ ತಿಳಿಸಿದ್ದರೆ ಭಾನುವಾರ ಅವನ ಮಣ್ಣಿಗೆ ನೀನಿರುತ್ತಿದ್ದೆ. ನಿನ್ನ ಕೈಗೆ ಏನಾಗಿದೆಯೋ ನನಗೆ ತಿಳಿಯದು. ನಾನು ಮಾಡಿದ್ದು ಇದು.

ಖಾದರ


ರೋಣ
22 ಸೆಪ್ಟೆಂಬರ್ 2024

ಮುತ್ತಾ,

ನಲವತ್ತು ದಿನವಾಯಿತು, ಉತ್ತರವಿಲ್ಲ. ಪೋಸ್ಟ್‌ಮನ್ ನನ್ನನ್ನು ಕಂಡರೆ ದೂರದಿಂದಲೇ ಕೈ ಅಲ್ಲಾಡಿಸುತ್ತಾನೆ, ಇಲ್ಲ ಎಂದು.

ಸಿಟ್ಟಾಗಿದ್ದೀ, ಆಗಬೇಕಾದ್ದೇ. ನಾನು ಸಮಾಧಾನ ಹೇಳಲು ಬರೆಯುತ್ತಿಲ್ಲ. ಒಂದು ಸಂಗತಿ ಮಾತ್ರ ಗೊತ್ತಿರಲಿ. ನೀನು ಪುಣೆಗೆ ವಾಪಸಾದ ಮೇಲೆ ಡಿಪೋದಲ್ಲಿ, ಯಾವಗಲ್ಲಿನ ರೂಟು ನನಗೆ ಬೇಡ ಎಂದು ಬರೆದುಕೊಟ್ಟೆ. ಕಾರಣ ಕೇಳಿದರು. ದಾರಿ ಕೆಟ್ಟಿದೆ ಎಂದೆ. ಎಲ್ಲರೂ ನಕ್ಕರು, ಅದಕ್ಕಿಂತ ಕೆಟ್ಟ ದಾರಿಗಳಲ್ಲಿ ನಾನು ಓಡಿಸುತ್ತಿದ್ದೆ. ನಿಮ್ಮ ಮನೆಯ ಮುಂದಿನ ಸ್ಟಾಪಿನಲ್ಲಿ ಗಾಡಿ ನಿಲ್ಲಿಸುವುದು ನನ್ನಿಂದಾಗುತ್ತಿರಲಿಲ್ಲ.

ಹೊಲದ ಹೆಸರು ಬಿಡಿಸಿ ಆಯಿತು. ಇನ್ನು ಕಡಲೆ, ಜೋಳದ ಬಿತ್ತಿಗೆ. ನಿನ್ನ ಆಟಕ್ಕೆ ಎರಡು ತಿಂಗಳೂ ಉಳಿದಿಲ್ಲ. ನನ್ನ ಪತ್ರದಿಂದ ಅದೂ ಹಾಳಾದರೆ ಅದನ್ನೂ ನಾನೇ ಹೊರಬೇಕು. ಬೈಯುವುದಕ್ಕಾದರೂ ಬರಿ. ದಪ್ಪ ಅಕ್ಷರದಲ್ಲಿ ಬೈ.

ಖಾದರ


ಪುಣೆ
6 ಅಕ್ಟೋಬರ್ 2024

ಖಾದರ್ಯಾ,

ನೀನು ತಪ್ಪು ತಿಳಿದೆ. ಸಿಟ್ಟಿನಿಂದ ಸುಮ್ಮನಿದ್ದುದಲ್ಲ. ನಾಲ್ಕು ಸಲ ಬರೆಯಲು ಕೂತು ಹರಿದು ಹಾಕಿದ್ದೇನೆ. ಇದು ಐದನೆಯದು.

ನನಗೆ ಶನಿವಾರವೇ ಗೊತ್ತಿತ್ತು.

ನಿನಗೂ ಅಪ್ಪನಿಗೂ ಹೇಳದೆ ಸಿದ್ದವ್ವ ಶನಿವಾರ ಸಂಜಿಗೆ ಕ್ಲಬ್ಬಿಗೆ ಫೋನ್ ಮಾಡಿದ್ದಳು. ಗೇಟಿನಲ್ಲಿ ಆಗ ವಾಚ್‌ಮನ್ ಆಗಿದ್ದವರು ನಮ್ಮ ಕಡೆಯವರೇ, ಗಜೇಂದ್ರಗಡದ ರಾಯಣ್ಣ. ಆಕೆ ಕನ್ನಡದಲ್ಲಿ ಹೇಳಿದ್ದನ್ನು ಅವರು ಕನ್ನಡದಲ್ಲೇ ಚೀಟಿಯಲ್ಲಿ ಬರೆದು ತಂದುಕೊಟ್ಟರು: "ತಂದೆಗೆ ಭಾಳ ಆಗೇತಿ. ಕೂಡ್ಲೆ ಬಾ." ಕೊಟ್ಟು, "ಮುತ್ತಣ್ಣ, ಈಗ ಹೊಂಟ್ರ ಬಸ್ ಸಿಗತೈತಿ" ಎಂದೂ ಹೇಳಿದರು.

ಅವತ್ತಿನ ಆಟದಲ್ಲಿ ನಾನು ಮೂರನೆಯವನಾಗಿದ್ದೆ. ಇನ್ನೊಂದೇ ದಿನ. ಚೀಟಿಯನ್ನು ಮಡಚಿ ಪ್ಯಾಂಟಿನ ಕಿಸೆಯಲ್ಲಿಟ್ಟೆ. ನಾಳೆ ಮಧ್ಯಾಹ್ನ ಹೊರಟರಾಯಿತು, ಅಪ್ಪ ಗಟ್ಟಿ ಮನುಷ್ಯ, ಇರುತ್ತಾನೆ ಎಂದುಕೊಂಡೆ. ನಾನು ಹೊರಡದಿರಲು ಬೇರೆ ಯಾವ ಕಾರಣವೂ ಇರಲಿಲ್ಲ. ಆಡಬೇಕಿತ್ತು, ಅಷ್ಟೇ.

ಭಾನುವಾರ ಹದಿನೆಂಟನೆಯ ಕುಳಿ. ಚೆಂಡಿನ ಜಾಗಕ್ಕೆ ಗುರುತಿಡಲು ನಾಣ್ಯ ಬೇಕಾಗಿ ಕಿಸೆಗೆ ಕೈ ಹಾಕಿದೆ. ಬೆರಳಿಗೆ ಆ ಕಾಗದ ತಾಗಿತು. ಆಮೇಲೆ ನಾನು ಆ ಹೊಡೆತ ಹೊಡೆದದ್ದೇ ನೆನಪಿಲ್ಲ. ಚೆಂಡು ಕುಳಿಯ ಅಂಚನ್ನು ಸವರಿ ಆಚೆ ನಿಂತದ್ದು ಮಾತ್ರ ಕಾಣಿಸಿತು.

ಊರಿಗೆ ಬಂದಾಗ ಸಿದ್ದವ್ವ ಒಳಗಿನ ಖೋಲಿಗೆ ಕರೆದು, ನನಗೊಬ್ಬನಿಗೇ ಕೇಳಿಸುವಂತೆ, "ಅಣ್ಣಾ, ನಾ ಶನಿವಾರನ ಫೋನ್ ಮಾಡಿದ್ನಲ್ಲೋ?" ಎಂದಳು. "ವಾಚ್‌ಮನ್ ನನಗ ಹೇಳ್ಲಿಲ್ಲ" ಎಂದೆ. ಆ ಮಾತು ಅಷ್ಟು ಸಲೀಸಾಗಿ ಬಾಯಿಂದ ಬಂತು. ರಾಯಣ್ಣನವರಿಗೆ ಈ ವಿಷಯ ತಿಳಿಯದು. ಅವರು ನಿವೃತ್ತರಾಗುವವರೆಗೂ ಗೇಟಿನಲ್ಲಿ ನನ್ನನ್ನು ಕಂಡರೆ ಚಹಾ ಕುಡಿಸುತ್ತಿದ್ದರು. ನಾನು ತಲೆ ತಗ್ಗಿಸಿ ಕುಡಿಯುತ್ತಿದ್ದೆ.

ನೀನು ಫೋನ್ ಮಾಡದ್ದರಿಂದ ನನಗೆ ಏನೂ ತಪ್ಪಿ ಹೋಗಲಿಲ್ಲ, ಖಾದರ್ಯಾ. ಮಾಡಿದ್ದರೂ ನಾನು ಆಡುತ್ತಿದ್ದೆ. ಊರಿಗೆ ಬರದೆ ಉಳಿದದ್ದು ನಿನ್ನ ಮುಖ ನೋಡಲಾರದೆ ಅಲ್ಲ, ಸಿದ್ದವ್ವನ ಮುಖ ನೋಡಲಾರದೆ.

ನವೆಂಬರಿನ ಪಂದ್ಯದಿಂದ ಹೆಸರು ವಾಪಸು ತೆಗೆದುಕೊಳ್ಳಬೇಕೆಂದಿದ್ದೇನೆ.

ಮುತ್ತ


ರೋಣ
16 ಅಕ್ಟೋಬರ್ 2024

ಮುತ್ತಾ,

ನಿನ್ನ ಪತ್ರ ಓದಿ ಮೊದಲು ಬಂದದ್ದು ಸಿಟ್ಟು. ಇಪ್ಪತ್ತಾರು ವರ್ಷ ನಾನು ಯಾವಗಲ್ಲಿನ ದಾರಿ ಬಿಟ್ಟು ಸುತ್ತುಹಾಕಿ ಬದುಕಿದೆ, ನೀನು ಅಲ್ಲಿ ಎಲ್ಲ ಗೊತ್ತಿದ್ದೂ ಸುಮ್ಮನಿದ್ದೆ. ಒಂದು ಕಾರ್ಡು ಹಾಕಿದ್ದರೆ ಸಾಕಿತ್ತಲ್ಲ? ಅವತ್ತು ಊಟ ಮಾಡಲಿಲ್ಲ. ಎರಡು ದಿನ ಈ ಪತ್ರವನ್ನು ಇಷ್ಟಕ್ಕೇ ಬಿಟ್ಟಿದ್ದೆ.

ಇವತ್ತು ಮತ್ತೆ ಕೂತಿದ್ದೇನೆ. ನಾನೂ ಒಂದು ಕಾರ್ಡು ಹಾಕಲಿಲ್ಲ, ಅದೂ ನೆನಪಾಯಿತು.

ನಿನಗೆ ಸೇರಬೇಕಾದ್ದು ಒಂದು ನನ್ನ ಹತ್ತಿರ ಉಳಿದಿದೆ. ಹೇಳಿದರೆ ನಾನು ಶನಿವಾರ ಬೇಕೆಂದೇ ನಿನಗೆ ತಿಳಿಸಲಿಲ್ಲ ಎಂಬುದು ಬಯಲಾಗುತ್ತಿತ್ತು. ಅದಕ್ಕೇ ಹೇಳಲಿಲ್ಲ. ಬೂತಿನಿಂದ ವಾಪಸು ಬಂದ ಮೇಲೆ ನಿಮ್ಮಪ್ಪ ಬಹಳ ಹೊತ್ತು ಮಾತಾಡಿದ. ನೋವು ಕಡಿಮೆಯಾಗಿತ್ತು, ಮುಖ ತಿಳಿಯಾಗಿತ್ತು. "ಖಾದರ, ಅಂವ ಆಡೂ ಆಟ ಹ್ಯಾಂಗ ಇರತೈತಿ?" ಎಂದು ಕೇಳಿದ. ನನಗೇನು ಗೊತ್ತು? "ಗೋಲಿ ಆಡಿದಂಗ, ಕಾಕಾ. ದೂರದಿಂದ ಹೊಡದು ಕುಳಿಗೆ ಹಾಕೂದು" ಎಂದೆ. ಅವನು ನಕ್ಕ. ಹಲ್ಲಿಲ್ಲದ ಬಾಯಿ ತುಂಬ ನಕ್ಕು, "ಗೋಲಿ ಆದ್ರ ಗೆಲ್ತಾನ ಬಿಡು. ಊರಾಗಿನ ಗೋಲಿ ಎಲ್ಲಾ ನಮ್ಮ ಮನಿ ಗಡಿಗ್ಯಾಗನ ಇದ್ದೂವು" ಎಂದ. ಸಂಜಿಗೆ ದವಾಖಾನಿಯ ಆಯಾ ಬಂದರೆ ಅವಳಿಗೂ ಹೇಳಿದ, ನನ್ನ ಮಗ ಪುಣೆಯಲ್ಲಿ ಗೋಲಿ ಆಡಾಕ ಹೋಗ್ಯಾನ ಎಂದು. ಆಕೆ ಪಾಪ, ಎಷ್ಟು ವಯಸ್ಸು ಮಗನಿಗೆ ಎಂದು ಕೇಳಿದಳು.

ನಿನಗಾಗಿ ಕಾಯುತ್ತಾ ಒದ್ದಾಡಿ ಸತ್ತ ಎಂದು ನೀನು ಅಂದುಕೊಂಡಿದ್ದರೆ, ಅದು ಹಾಗಲ್ಲ. ನೀನು ಆಡುತ್ತಿದ್ದೀ ಎಂದು ಖುಷಿಯಲ್ಲಿದ್ದ. ಇದನ್ನು ಕಣ್ಣಾರೆ ಕಂಡವನು ನಾನು.

ಸಿದ್ದವ್ವನಿಗೆ ನೀನೇ ಹೇಳಬೇಕು. ಅದು ನಿನ್ನ ಪಾಲಿನದು, ನಾನು ಹೇಳುವುದಿಲ್ಲ.

ಹೆಸರು ವಾಪಸು ತೆಗೆದರೆ ನೋಡು. ನಾನು ಆಸಿಫಾಳನ್ನು ಕರೆದುಕೊಂಡು ಆಟ ನೋಡಲು ಬರುತ್ತಿದ್ದೇನೆ. ಟಿಕೆಟ್ ತೆಗೆಸಿ ಆಗಿದೆ.

ಖಾದರ


ರೋಣ
27 ನವೆಂಬರ್ 2024

ಮುತ್ತಾ,

ಸುಖವಾಗಿ ಬಂದು ಮುಟ್ಟಿದೆವು. ಬಸ್ಸಿನಲ್ಲಿ ಹಿಂದೆ ಕೂತು ಇಷ್ಟು ದೂರ ಹೋಗಿ ಬಂದದ್ದು ಇದೇ ಮೊದಲು. ದಾರಿಯುದ್ದಕ್ಕೂ ಕಾಲು ತಾನಾಗಿಯೇ ಬ್ರೇಕ್ ಹುಡುಕುತ್ತಿತ್ತು.

ಎಂಥ ಜಾಗದಲ್ಲಿ ಬದುಕಿದ್ದೀಯೋ ನೀನು! ಅಷ್ಟು ಹಸಿರು ಹುಲ್ಲು, ಅದನ್ನು ಒಂದು ದನವೂ ಮೇಯುವುದಿಲ್ಲ. ನನಗೆ ಹೊಟ್ಟೆ ಉರಿಯಿತು. ನೀನು ಬಿಳಿ ಟೊಪ್ಪಿಗೆ ಹಾಕಿ ಬಂದಾಗ ಗುರುತೇ ಸಿಗಲಿಲ್ಲ. ಆಮೇಲೆ ಬಗ್ಗಿ ನಿಂತೆ ನೋಡು, ನಾಲಿಗೆ ಹೊರಗೆ ಬಂತು. ಆಗ ಆಸಿಫಾಗೆ ತೋರಿಸಿದೆ, ಅಗಾ, ಅವನೇ.

ನಾಲ್ಕು ಮಾತು ಆಡುವುದಾಗಲಿಲ್ಲ. ಆಟ ಮುಗಿದ ಕೂಡಲೇ ನಿನ್ನ ಸುತ್ತ ಜನ, ನಮಗೆ ಬಸ್ಸಿನ ಅವಸರ. ಒಂದು ಸಂಶಯ ಉಳಿದುಬಿಟ್ಟಿದೆ. ಕೊನೆಯ ಕುಳಿಯಲ್ಲಿ ನೀನು ಬಹಳ ಹೊತ್ತು ಕೋಲು ಹಿಡಿದು ನಿಂತೆ, ಹೊಡೆಯಲೇ ಇಲ್ಲ. ನಿನ್ನ ಹೆಗಲು ಕಿವಿಯವರೆಗೆ ಏರಿದ್ದು ನನಗೆ ಅಲ್ಲಿಂದಲೇ ಕಂಡಿತು. ಪಾಪ ಎನಿಸಿ ನನ್ನಷ್ಟಕ್ಕೆ ನಾನು ಮೆಲ್ಲಗೆ, ಪಿಸುಮಾತಿನಲ್ಲಿ, ಒಂದು ಮಾತು ಅಂದೆ. ಬಾಜೂ ಇದ್ದ ಆಸಿಫಾಗೂ ಕೇಳಿಸಿರಲಿಕ್ಕಿಲ್ಲ. ಆದರೆ ಅಲ್ಲಿದ್ದ ಸಾಹೇಬರು, ಮೇಡಂಗಳು ಎಲ್ಲರೂ ಒಟ್ಟಿಗೇ ನನ್ನನ್ನು ತಿರುಗಿ ನೋಡಿದರು. ಒಬ್ಬರು ಬಾಯಿಗೆ ಬೆರಳಿಟ್ಟು ಕಣ್ಣು ಕೆಂಪು ಮಾಡಿದರು. ನನ್ನ ಚಪ್ಪಲಿಯಿಂದ ಹುಲ್ಲು ಹಾಳಾಯಿತೇನೋ ಎಂದು ಕೈಯಲ್ಲಿ ಹಿಡಿದುಕೊಂಡೆ. ನೀನು ಯಾಕೆ ಹಾಗೆ ನಗುತ್ತಿದ್ದೆ? ಆಸಿಫಾಳನ್ನು ಕೇಳಿದರೆ ಮುಖ ಮುಚ್ಚಿಕೊಳ್ಳುತ್ತಾಳೆ, ಹೇಳುವುದಿಲ್ಲ.

ನೀನು ಆಯ್ಕೆಯಾದೆ ಎಂದು ಸಂಗನಬಸವ ಅವಳಿಗೆ ಮೆಸೇಜು ಕಳಿಸಿದ್ದ. ಎಷ್ಟನೆಯವನಾಗಿ? ಸರಿಯಾಗಿ ಬರಿ.

ಖಾದರ


ಪುಣೆ
8 ಡಿಸೆಂಬರ್ 2024

ಖಾದರ್ಯಾ,

ನಿನ್ನ ಪಿಸುಮಾತು ಹದಿನಾರನೆಯ ಕುಳಿಯವರೆಗೆ ಕೇಳಿಸಿದೆ. ಅಲ್ಲಿ ಆಡುತ್ತಿದ್ದವರು ಏನಾಯಿತೆಂದು ನೋಡಲು ಬಂದಿದ್ದರಂತೆ.

ಅಲ್ಲಿ ನಡೆದದ್ದು ಹೀಗೆ. ಮೊದಲ ದಿನ ಚಲೋ ಆಡಿದ್ದೆ. ಎರಡನೆಯ ದಿನ ಹದಿನೇಳು ಕುಳಿಗಳವರೆಗೂ ಮನಸ್ಸು ಕೆರೆಯ ನೀರಿನಂತಿತ್ತು. ಹದಿನೆಂಟಕ್ಕೆ ಬಂದೆ. ಚೆಂಡು ಕುಳಿಯಿಂದ ಎರಡೂವರೆ ಅಡಿ. ಇದು ಬಿದ್ದರೆ ಆಯ್ಕೆ, ತಪ್ಪಿದರೆ ಇಲ್ಲ ಎಂದು ನನ್ನ ಲೆಕ್ಕ. ಕಿಸೆಯಲ್ಲಿ ನಾಣ್ಯ ಬಿಟ್ಟು ಏನೂ ಇರಲಿಲ್ಲ, ಮುಂಜಾನೆಯೇ ಎರಡು ಸಲ ನೋಡಿಕೊಂಡಿದ್ದೆ. ಆದರೂ ಕೈ ಶುರುಮಾಡಿತು. ಉಸಿರು ಬಿಟ್ಟೆ, ಗುನುಗಿದೆ, ಅವ್ವನ ಕೈ ನೆನೆದೆ, ಯಾವುದೂ ನಡೆಯಲಿಲ್ಲ. ಸುತ್ತ ನೂರು ಜನ, ಒಬ್ಬರೂ ಕೆಮ್ಮುತ್ತಿಲ್ಲ. ಆ ಮೌನದಲ್ಲಿ ನೀನು ಬಸ್ ಸ್ಟ್ಯಾಂಡಿನಲ್ಲಿ ಕೂಗುವ ಹಾಗೆ ಕೂಗಿದೆ:

"ಲೇ ಮುತ್ತಾ! ಎಷ್ಟೊತ್ತ ನಿಂದರ್ತಿ? ಚಾ ಆರಾಕತ್ತೈತಿ, ಲಗೂ ಹೊಡಿ!"

ರೆಫರಿ ಬೆಚ್ಚಿಬಿದ್ದರು. ನಾನು ಚೆಂಡಿನಿಂದ ಹಿಂದೆ ಸರಿದೆ. ನೀನು ಎರಡೂ ಚಪ್ಪಲಿ ಕೈಯಲ್ಲಿ ಹಿಡಿದು, ಏನೂ ಅರಿಯದ ಹಾಗೆ ನಿಂತಿದ್ದೆ. ನನಗೆ ನಗು ಬಂತು. ತಡೆಯಲಾರದೆ ಮೊಣಕಾಲ ಮೇಲೆ ಕೈಯಿಟ್ಟು ನಕ್ಕೆ, ಕಣ್ಣಲ್ಲಿ ನೀರು ಬರುವವರೆಗೆ. ಆ ಮೈದಾನದಲ್ಲಿ ಮೂವತ್ತೈದು ವರ್ಷಗಳಲ್ಲಿ ನಾನು ಹಾಗೆ ನಕ್ಕದ್ದು ಯಾರೂ ನೋಡಿರಲಿಲ್ಲ. ಮತ್ತೆ ಬಂದು ನಿಂತಾಗ ಕೈ ಇತ್ತು, ನಡುಕ ಇರಲಿಲ್ಲ. ಚೆಂಡು ಕುಳಿಯ ನಡುವಿಗೇ ಬಿತ್ತು.

ಆಮೇಲೆ ಪಟ್ಟಿ ಹಚ್ಚಿದರು. ನಾನು ಹನ್ನೊಂದನೆಯವ. ಹದಿನೈದು ಜನರನ್ನು ತೆಗೆದುಕೊಂಡಿದ್ದರು. ನಾನು ಲೆಕ್ಕ ತಪ್ಪಿದ್ದೆ. ಆ ಹೊಡೆತ ತಪ್ಪಿದ್ದರೂ ಆಯ್ಕೆಯಾಗುತ್ತಿದ್ದೆ. ಅಷ್ಟು ಹೆದರಿದ್ದು ಸುಮ್ಮನೆ.

ಜನವರಿಯಲ್ಲಿ ಊರಿಗೆ ಬರುತ್ತೇನೆ. ಮೊದಲು ನರಗುಂದಕ್ಕೆ, ಸಿದ್ದವ್ವನ ಹತ್ತಿರ. ಅಲ್ಲಿಗೆ ನೀನು ಬರಬೇಡ. ನೀನಿದ್ದರೆ ನಿನ್ನ ಹಿಂದೆ ಅಡಗುತ್ತೇನೆ.

ಮುತ್ತ


ಪುಣೆ
24 ಜನವರಿ 2025

ಖಾದರ್ಯಾ,

ನೀನು ಗಜೇಂದ್ರಗಡದಲ್ಲಿ ಕೇಳುತ್ತಲೇ ಇದ್ದೆ, ರಾಯಣ್ಣನವರು ಏನಂದರು, ಏನಂದರು ಎಂದು. ಬೀದಿಯಲ್ಲಿ ನಿನ್ನ ಕಿವಿಗೆ ಒದರಿ ಹೇಳುವ ಮಾತಾಗಿರಲಿಲ್ಲ. ಬರೆಯುತ್ತೇನೆ ಎಂದೆ. ಈಗ ಬರೆಯುತ್ತಿದ್ದೇನೆ.

ನರಗುಂದದಲ್ಲಿ ನಾನು ಎಲ್ಲ ಹೇಳಿದಾಗ ಸಿದ್ದವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ನನ್ನ ಮುಂದೆ ತಾಟು ಇಟ್ಟಳು, ಬಡಿಸಿದಳು, ಮಾತಾಡಲಿಲ್ಲ. ಎರಡು ದಿನ ಹೀಗೇ. ಮೂರನೆಯ ದಿನ ಸೀರೆ ಬದಲಿಸಿ ಬಂದು ನಿಂತು, "ಆ ರಾಯಣ್ಣ ಇದ್ದಾನೋ, ಹೋಗ್ಯಾನೋ?" ಎಂದಳು. ಗಜೇಂದ್ರಗಡದಲ್ಲಿ ಮಗನ ಮನೆಯಲ್ಲಿದ್ದಾರಂತೆ ಎಂದೆ. "ನಡಿ ಹಂಗಾರ" ಎಂದಳು. ಬಸ್ಸಿನಲ್ಲಿ ಕೂತ ಮೇಲೆ ಉಳಿದದ್ದನ್ನು ಹೇಳಿದಳು. ಅಪ್ಪನ ದಿನಕರ್ಮ ಮುಗಿದ ಮೇಲೆ ಆಕೆ ನರಗುಂದದಿಂದ ಕ್ಲಬ್ಬಿನ ಗೇಟಿಗೆ ಮತ್ತೆ ಫೋನ್ ಮಾಡಿ ರಾಯಣ್ಣನವರಿಗೆ ಬಾಯಿಗೆ ಬಂದಂತೆ ಬೈದಿದ್ದಳಂತೆ. "ನಿನ್ನ ಬಾಯಾಗ ಮಣ್ಣ ಬೀಳ್ಲಿ, ನಮ್ಮಣ್ಣಗ ಒಂದ ಮಾತ ಹೇಳಾಕ ಆಗ್ಲಿಲ್ಲೇನೋ" ಎಂದು. ಇದು ನನಗೆ ಗೊತ್ತೇ ಇರಲಿಲ್ಲ. ಅಂದರೆ ರಾಯಣ್ಣನವರಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ನನಗೆ ಚಹಾ ಕುಡಿಸುತ್ತಿದ್ದರು.

ರೋಣದಲ್ಲಿ ನೀನು ಹತ್ತಿಕೊಂಡೆ, ಆಸಿಫಾಳ ಮನೆಯಲ್ಲಿ ಊಟ ಮಾಡಿದೆವು, ಆಕೆಯೇ ರಾಯಣ್ಣನವರ ಮನೆ ಹುಡುಕಿಕೊಟ್ಟಳು. ಒಳಗೆ ನಡೆದದ್ದನ್ನು ನೀನು ಬಾಗಿಲಲ್ಲಿ ನಿಂತು ನೋಡಿದೆ, ಕೇಳಲಿಲ್ಲ.

ರಾಯಣ್ಣನವರು ಗೋಡೆಗೆ ಒರಗಿ ಕೂತಿದ್ದರು. ಎಂಬತ್ತರ ಹತ್ತಿರ. ನನ್ನನ್ನು ಕೂಡಲೇ ಗುರುತು ಹಿಡಿದು, "ಮುತ್ತಣ್ಣ, ಇನ್ನೂ ಆಡತೀಯೇನಪಾ?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಸಿದ್ದವ್ವ ಅವರ ಮುಂದೆ ಕೂತು, "ಯಜ್ಜಾ, ಹಿಂದಕ ಫೋನಿನ್ಯಾಗ ನಿಮಗ ಬೈದಾಕಿ ನಾನ. ನನ್ನಿಂದ ತಪ್ಪಾತ್ರಿ" ಎಂದು ಅವರ ಕಾಲು ಹಿಡಿದಳು. ಆಕೆ ಅತ್ತದ್ದು ಆಗ, ಮನೆಯಲ್ಲಲ್ಲ.

ನಾನು ಕೇಳಿದೆ, "ಚೀಟಿ ಕೊಟ್ಟೇನಿ ಅಂತ ಆಕಿಗೆ ಯಾಕ ಹೇಳ್ಲಿಲ್ರಿ? ಅಷ್ಟ ಬೈದ್ರೂ ಯಾಕ ಸುಮ್ಮನಿದ್ರಿ?"

ಅವರು ಸಿದ್ದವ್ವನ ತಲೆಯ ಮೇಲೆ ಕೈಯಿಟ್ಟು ಹೇಳಿದರು:

"ನಾ ಸಿಟ್ಟಿಗೆದ್ದು ಖರೇ ಹೇಳಿಬಿಟ್ಟಿದ್ರ ಇಕಿಗೆ ಅಣ್ಣಾನೂ ಇಲ್ಲದಂಗ ಆಗತಿತ್ತು. ಅಪ್ಪ ಅಂತೂ ಮೊದಲ ಹೋಗಿದ್ದ."

ಇಷ್ಟೇ ಅಂದರು, ಖಾದರ್ಯಾ. ಆಮೇಲೆ ಸೊಸೆಯನ್ನು ಕರೆದು ನಾಲ್ಕು ಕಪ್ಪು ಚಹಾ ಇಡಲು ಹೇಳಿ, ನಿನ್ನ ಕಡೆ ಕೈ ತೋರಿಸಿ, ಬಾಗಿಲಾಗ ನಿಂತಾಂವ ಯಾರು, ಒಳಗ ಬಾ ಅನ್ನು ಎಂದರು.

ನಿನ್ನ
ಮುತ್ತ